ಬಾಳ್ಗಳ್ಚು: ಯುದ್ಧದಿಂದ ಮನೆಗೆ ಬಂದವರ ಕಥೆ

ಕನ್ನಡದ ಹಳೆಯ ಶಾಸನ ಯಾವುದು ಅಂತ ಕೇಳಿದರೆ ನಮ್ಮಲ್ಲಿ ಮುಕ್ಕಾಲು ಜನ ಕಣ್ಣು ಮುಚ್ಚಿಕೊಂಡು 'ಹಲ್ಮಿಡಿ, ಕ್ರಿ.ಶ. 450' ಅಂತಾರೆ. ಎಸ್ಸೆಸ್ಸೆಲ್ಸಿಯಿಂದ ಕೆಪಿಎಸ್‌ಸಿ ತನಕ ಬಾಯಿಪಾಠ ಮಾಡಿದ ಉತ್ತರ ಅದು. ಸ್ವಲ್ಪ ಹೆಚ್ಚು ಓದಿದವರು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದು ಅನ್ನುವ ವಾದವನ್ನೂ ಹೇಳುತ್ತಾರೆ. ಸರಿ, ಹಲ್ಮಿಡಿ ಶಾಸನದಲ್ಲಿ ಏನು ಬರೆದಿದೆ ಅಂತ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಗುಂಪು ಗಪ್‌ಚುಪ್ ಆಗುತ್ತೆ.

ಅದರಲ್ಲಿರೋದು ಒಬ್ಬ ಸೈನಿಕನ ಕಥೆ. ಯುದ್ಧದಲ್ಲಿ ಸತ್ತವನ ಕಥೆಯಲ್ಲ, ಗೆದ್ದು ಬದುಕಿ ವಾಪಸ್ ಬಂದವನ ಕಥೆ. ಅವನ ಹೆಸರು ವಿಜ ಅರಸ. ಕದಂಬರ ಕಾಕುಸ್ಥವರ್ಮನ ಕಾಲ. ಕೇಕಯ-ಪಲ್ಲವರ ವಿರುದ್ಧ ಹೋರಾಡಿ ಜಯ ತಂದ ಈತನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಅನ್ನುವ ಎರಡು ಊರುಗಳನ್ನು, ವೀರರೆಲ್ಲರ ಸಮಕ್ಷಮದಲ್ಲಿ, ಕೊಟ್ಟರು ಅನ್ನೋದು ಆ 16 ಸಾಲುಗಳ ಮುಖ್ಯ ವಿಷಯ. ಅವನನ್ನು ಬರೀ ಶೂರ ಅಂತ ಹೇಳಿ ಬಿಟ್ಟಿಲ್ಲ. ಎಲ್ಲಭಟಾರಿಯ ಪ್ರೀತಿಯ ಮಗ ಅಂತಲೂ ಬರೆಸಿದ್ದಾರೆ. ಸರ್ಕಾರಿ ದಾಖಲೆಯಲ್ಲಿ 'ಪ್ರೀತಿಯ' ಅನ್ನುವ ಮಾತು ಬರೋದು ಇವತ್ತಿಗೂ ಅಪರೂಪ!

ಆ ಊರುಗಳನ್ನು ಕೊಟ್ಟ ಬಗೆಗೆ ಶಾಸನದಲ್ಲಿ ಒಂದು ಹೆಸರಿದೆ: ಬಾಳ್ಗಳ್ಚು. 'ಬಾಳ್' ಅಂದರೆ ಕತ್ತಿ. 'ಕಳ್ಚು' ಅಂದರೆ ತೊಳೆ. ಕತ್ತಿ ತೊಳೆದು ಕೊಟ್ಟ ಭೂಮಿ. ಯುದ್ಧ ಮುಗಿಸಿ ಬಂದವನ ಕತ್ತಿಯ ರಕ್ತವನ್ನು ಎಲ್ಲರ ಎದುರು ತೊಳೆಯೋದು, ಆಮೇಲೆ ಅವನಿಗೆ ಬದುಕಲು ನೆಲ ಕೊಡೋದು. 'ನಿನ್ನ ಕೆಲಸ ಆಯ್ತು ಕಣಪ್ಪ, ಇನ್ನು ಮನೆಗೆ ಹೋಗು' ಅಂತ ಹೇಳುವ ಶಾಸ್ತ್ರ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಈ ಶಾಸನವನ್ನು ಬೆಳಕಿಗೆ ತಂದರು. ಅಂದಿನಿಂದ ಇಂದಿನವರೆಗೆ ನಾವು ಅದನ್ನು ಭಾಷೆಯ ಪುರಾವೆ ಅಂತಲೇ ನೋಡುತ್ತಿದ್ದೇವೆ. ನೋಡಬೇಕಾದ್ದೇ. ಆದರೆ ಕನ್ನಡದಲ್ಲಿ ಉಳಿದಿರುವ ಅತಿ ಹಳೆಯ ದಾಖಲೆಗಳಲ್ಲಿ ಒಂದು, ನಿವೃತ್ತ ಯೋಧನೊಬ್ಬನ ಜಮೀನಿನ ಪತ್ರ ಅನ್ನೋದು ನನಗೆ ಅದಕ್ಕಿಂತ ಹೆಚ್ಚು ಕಾಡುವ ಸಂಗತಿ.

ಯಾಕೆ ಕಾಡುತ್ತೆ ಅಂತ ಹೇಳಬೇಕಾದರೆ ನಮ್ಮ ಕಡೆಯ ಕಲ್ಲುಗಳ ಬಗ್ಗೆ ಹೇಳಬೇಕು.

ನಮ್ಮದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ. ಅರಸೀಕೆರೆ ಕಡೆಯಿಂದ ರೈಲಿನಲ್ಲಿ ಬಂದವರಿಗೆ ಗೊತ್ತು, ಕಿಟಕಿಯಲ್ಲಿ ಕಾಣೋದು ತೆಂಗು, ತೆಂಗು, ಮತ್ತೆ ತೆಂಗು. ಈ ತೋಟಗಳ ಬದುವಿನ ಮೇಲೆ, ಕೆರೆ ಏರಿಯ ಕೆಳಗೆ, ಊರಬಾಗಿಲಲ್ಲಿ, ಮಾರಮ್ಮನ ಗುಡಿ ಪಕ್ಕದಲ್ಲಿ ಅರ್ಧ ಮಣ್ಣಲ್ಲಿ ಹೂತ ಕೆತ್ತನೆಯ ಕಲ್ಲುಗಳು ಸಿಗುತ್ತವೆ. ವೀರಗಲ್ಲುಗಳು. ಬಿ. ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದ್ದು. ಕಲ್ಲಿನ ಮೇಲೆ ಬರಹ ಇದ್ದರೆ ಅಂಥ ಸಂಪುಟಗಳಿಗೆ ಹೋಗುತ್ತೆ. ಬರಹ ಇಲ್ಲದ್ದನ್ನು ಊರವರು ಅರಿಶಿನ ಕುಂಕುಮ ಹಚ್ಚಿ ದೇವರು ಮಾಡಿಕೊಳ್ತಾರೆ, ಇಲ್ಲವೇ ಬಟ್ಟೆ ಒಗೆಯೋಕೆ ಬಳಸ್ತಾರೆ.

ವೀರಗಲ್ಲಿನ ವಿನ್ಯಾಸ ಸಾಮಾನ್ಯವಾಗಿ ಮೂರು ಅಂತಸ್ತಿನದು. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ: ಬಿಲ್ಲು, ಕತ್ತಿ, ಕುದುರೆ, ಕೆಲವು ಸಲ ಹಿಂದೆ ನಾಲ್ಕು ದನ. ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ. ಅಂದರೆ ಅವು ಇರುವ ತನಕ ಇವನ ಹೆಸರು ಇರುತ್ತೆ ಅಂತ.

ಇಂಥ ಎಷ್ಟೋ ಕಲ್ಲುಗಳ ಹಿಂದಿರೋದು ದೊಡ್ಡ ರಾಜರ ದೊಡ್ಡ ಯುದ್ಧ ಅಲ್ಲ, ದನದ ಜಗಳ. ಹಳಗನ್ನಡದಲ್ಲಿ 'ತುರು' ಅಂದರೆ ದನ. 'ತುರುಗೋಳ್' ಅಂದರೆ ದನಗಳನ್ನು ಹೊಡೆದುಕೊಂಡು ಹೋಗೋದು. ತುರುವೇಕೆರೆಯ ಬಸ್ಸಿನ ಬೋರ್ಡ್ ನೋಡಿದಾಗಲೆಲ್ಲ ನನಗೆ ಈ ಪದ ನೆನಪಾಗುತ್ತೆ. ಪಕ್ಕದ ಸೀಮೆಯವರು ಬಂದು ಊರ ದನಗಳನ್ನು ಅಟ್ಟಿಕೊಂಡು ಹೋದಾಗ ಬೆನ್ನುಹತ್ತಿ ಹೋದವರು, ದನ ಬಿಡಿಸಿ ಅಲ್ಲೇ ಸತ್ತವರು, ಅವರಿಗೆ ಕಲ್ಲು. ಸತ್ತವನ ಮನೆಯವರಿಗೆ ನೆಲವನ್ನೂ ಕೊಡ್ತಾ ಇದ್ದರು. ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಕಲ್ನಾಡು ಅಂತಲೂ ಇದೆ. ಈಗಿನ ಭಾಷೆಯಲ್ಲಿ ಹೇಳೋದಾದರೆ ಹುತಾತ್ಮರ ಕುಟುಂಬಕ್ಕೆ ಪರಿಹಾರ. ಸಾವಿರ ವರ್ಷದ ಹಿಂದೆ ಇದಕ್ಕೆಲ್ಲ ಒಂದು ಪದ್ಧತಿ ಇತ್ತು, ಪದವೂ ಇತ್ತು.

ಹೆಂಡತಿಗೂ ಕಲ್ಲಿತ್ತು. ಮಾಸ್ತಿಕಲ್ಲು. ಕಲ್ಲಿನ ಮೇಲೆ ಬಳೆ ತೊಟ್ಟ ಒಂದು ಕೈ, ಮೊಣಕೈ ಮಡಿಸಿ ಮೇಲಕ್ಕೆ ಎತ್ತಿದ್ದು. ಗಂಡನ ಜೊತೆ ಚಿತೆ ಏರಿದವಳಿಗೆ ಮಾತ್ರ ಅದು. ಗಂಡ ಸತ್ತ ಮೇಲೆ ಇನ್ನೂ ನಲವತ್ತು ವರ್ಷ ಬದುಕಿ, ಮಕ್ಕಳನ್ನು ಸಾಕಿ, ಹೊಲ ಗೇದು, ಮದುವೆ ಮಾಡಿಸಿ ಕಣ್ಣು ಮುಚ್ಚಿದವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಅಲ್ಲಿಗೆ ನಮ್ಮ ಕಲ್ಲುಗಳ ಲೆಕ್ಕ ಹೀಗಾಯ್ತು. ಸತ್ತವನಿಗೆ ಕಲ್ಲು. ಜೊತೆಗೆ ಸತ್ತವಳಿಗೆ ಕಲ್ಲು. ಬದುಕಿದವರಿಗೆ ಏನೂ ಇಲ್ಲ. ಈ ಲೆಕ್ಕದಲ್ಲಿ ಬಾಳ್ಗಳ್ಚು ಒಂದೇ ಬೇರೆ. ಅದು ಬದುಕಿ ಬಂದವನನ್ನು ಹೆಸರು ಹಿಡಿದು ಕರೆಯುತ್ತೆ.

ಈ ಪದ ಸಿಗುವ ಇನ್ನೊಂದು ಕಲ್ಲು ಬೆಂಗಳೂರಲ್ಲೇ ಇದೆ. ಕಬ್ಬನ್ ಪಾರ್ಕ್ ಮೆಟ್ರೋದಿಂದ ನಡೆದು ಹೋಗುವಷ್ಟು ದೂರ, ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದದ್ದು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೇ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಒಟ್ಟಾಗಿ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದರು. ಚೋಳ ರಾಜಾದಿತ್ಯ ಅಲ್ಲಿ ಸತ್ತ. ಬೂತುಗನ ಕಡೆ ಹೋರಾಡಿದವರಲ್ಲಿ ಮಣಲೆರ ಅನ್ನುವ ಯೋಧ ಇದ್ದ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗ ಏನು ಬೇಕೋ ಕೇಳಿಕೋ ಅಂದ. ಮಣಲೆರ ಕೇಳಿದ್ದು ಒಂದು ನಾಯಿ! ಕಾಳಿ ಅನ್ನುವ ಬೇಟೆನಾಯಿ.

ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಮಣಲೆರ ಆತಕೂರಿನ ಚೆಲ್ಲೇಶ್ವರ ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾಳಗದ ಚಿತ್ರ ಈಗಲೂ ಸ್ಪಷ್ಟವಾಗಿ ಕಾಣುತ್ತೆ. ಅದೇ ಕಲ್ಲಲ್ಲಿ ಬೂತುಗ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕೋಟೆಯೂರನ್ನೂ ಬಾಳ್ಗಳ್ಚಾಗಿ ಕೊಟ್ಟ ಅಂತಲೂ ಬರೆದಿದೆ.

ಇತಿಹಾಸದ ಮೇಷ್ಟ್ರುಗಳಿಗೆ ಈ ಶಾಸನ ಮುಖ್ಯವಾಗೋದು ತಕ್ಕೋಲದ ಯುದ್ಧಕ್ಕಾಗಿ. ನಾನು ಅದನ್ನು ನೋಡೋಕೆ ಹೋಗೋದು ಮಣಲೆರನಿಗಾಗಿ. ಅಷ್ಟು ದೊಡ್ಡ ಯುದ್ಧದಿಂದ ಬಂದ ಮನುಷ್ಯ ತನ್ನ ಶೌರ್ಯದ ಚಿತ್ರ ಕೆತ್ತಿಸಿಕೊಳ್ಳಲಿಲ್ಲ. ಸತ್ತ ನಾಯಿಯದ್ದು ಕೆತ್ತಿಸಿದ. ಯುದ್ಧದಿಂದ ಬಂದವರ ಜೊತೆ ಒಂದೇ ಮನೆಯಲ್ಲಿ ಬೆಳೆದವರಿಗೆ ಇದು ಅಷ್ಟೊಂದು ಆಶ್ಚರ್ಯ ಅನ್ನಿಸಲ್ಲ. ಅವರು ಮಾತಾಡೋದೆಲ್ಲ ಬೇರೆಯದರ ಬಗ್ಗೆ.

ನನ್ನ ದೊಡ್ಡಪ್ಪ ಹಾಗೇ ಇದ್ದರು. ಊರವರ ಬಾಯಲ್ಲಿ ನಮ್ಮದು ಮಿಲಿಟ್ರಿಯೋರ ಮನೆ. ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಬೆಂಗಳೂರಿನ ಹಲಸೂರಲ್ಲಿ ಕೇಂದ್ರ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಇದ್ದರು. 1780ರಲ್ಲಿ ಹುಟ್ಟಿದ ಪಡೆ ಅದು. ಸೇನೆಗೆ ಮುಂದೆ ದಾರಿ ಮಾಡಿಕೊಡೋದು ಅವರ ಕೆಲಸ: ಸೇತುವೆ ಕಟ್ಟೋದು, ನೆಲಬಾಂಬ್ ತೆಗೆಯೋದು, ರಸ್ತೆ ಮಾಡೋದು. 2024ರಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲದಲ್ಲಿ 190 ಅಡಿಯ ಬೈಲಿ ಸೇತುವೆ ಕಟ್ಟಿದ್ದು ಇದೇ ಗ್ರೂಪ್. ನಿಮ್ಮಲ್ಲಿ ಬಹಳ ಜನ ಆ ವಿಡಿಯೋ ಫಾರ್ವರ್ಡ್ ಮಾಡಿರ್ತೀರ.

1971ರ ಡಿಸೆಂಬರ್ 3ರಿಂದ 16ರವರೆಗೆ ನಡೆದ ಯುದ್ಧದ ಹೊತ್ತಿಗೆ ದೊಡ್ಡಪ್ಪ ಸರ್ವೀಸಿನಲ್ಲಿದ್ದರು. ನಾವು ಮಕ್ಕಳು ಸುತ್ತ ಕೂತು ಯುದ್ಧದ ಕಥೆ ಹೇಳಿ ಅಂದರೆ ಉತ್ತರ ಪ್ರತಿಸಲವೂ ಒಂದೇ. 'ಏಯ್, ಅದೇನಿಲ್ಲ ಕಣ್ರೋ. ಮುಂದೆ ಹೋಗೋರಿಗೆ ದಾರಿ ಮಾಡಿಕೊಟ್ವಿ, ಅಷ್ಟೇ.' ಆಮೇಲೆ ತೋಟದ ವಿಷಯ. ಯಾವ ಮರಕ್ಕೆ ನುಸಿ ಬಿದ್ದಿದೆ, ಯಾವ ಮರ ಈ ಸಲ ಹೊಂಬಾಳೆ ಬಿಟ್ಟಿಲ್ಲ, ಇದನ್ನೆಲ್ಲ ಗಂಟೆಗಟ್ಟಲೆ ಹೇಳೋರು.

ತೋಟದ ಪ್ರತಿ ಮರಕ್ಕೂ ಬಿಳಿ ಬಣ್ಣದಲ್ಲಿ ನಂಬರ್ ಬರೆದಿದ್ದರು. ಬೇರೆ ತೋಟದವರು ನಗೋರು, ಮರಕ್ಕೂ ಹಾಜರಿ ತಗೋತಾರೆ ಅಂತ. ಒಂದು ಲೆಕ್ಕದ ಪುಸ್ತಕದಲ್ಲಿ ಪ್ರತಿ ನಂಬರಿನ ಎದುರು ಆ ಸಲ ಎಷ್ಟು ಕಾಯಿ ಇಳಿದವು ಅಂತ ಬರೆದಿಡೋರು. ಕಪ್ಪು ತಗಡಿನ ಟ್ರಂಕ್ ಮೇಲೆ ಅವರ ಹೆಸರು, ನಂಬರ್, ಯೂನಿಟ್ಟು ಕೂಡ ಅದೇ ಬಿಳಿ ಬಣ್ಣದಲ್ಲಿ, ಅದೇ ಅಕ್ಷರದಲ್ಲಿ ಇತ್ತು. ಟ್ರಂಕ್ ಒಳಗೆ ಡಿಸ್ಚಾರ್ಜ್ ಬುಕ್ಕು, ಮೆಡಲ್ಲು, ಅದರ ಮೇಲೆ ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಮಾರಿದ ಪಟ್ಟಿಗಳು. ಆ ಪಟ್ಟಿಗಳನ್ನು ತೆಗೆದು ತೋರಿಸೋರು. ಮೆಡಲ್ಲು ಅಡಿಯಲ್ಲೇ ಇರೋದು.

ಅವರ ಯುದ್ಧದ ಕಥೆ ನಮಗೆ ಗೊತ್ತಾಗಿದ್ದು ದೊಡ್ಡಮ್ಮನಿಂದ. ಅದು ದೊಡ್ಡಮ್ಮನ ಯುದ್ಧದ ಕಥೆ. ವರ್ಷಕ್ಕೆ ಎರಡು ತಿಂಗಳು ರಜೆಗೆ ಬರುವ ಗಂಡ, ಉಳಿದ ಹತ್ತು ತಿಂಗಳು '56 ಎಪಿಓ' ಅನ್ನುವ ವಿಳಾಸ. ಆ ವಿಳಾಸ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಸೈನಿಕ ಎಲ್ಲೇ ಇದ್ದರೂ ಕಾಗದದ ಮೇಲೆ ಅದೇ ವಿಳಾಸ. ಕಾಗದ ಬಂದರೆ ಪೋಸ್ಟ್‌ಮ್ಯಾನ್ ಓದಿ ಹೇಳಬೇಕು. ಡಿಸೆಂಬರ್ ತಿಂಗಳು ಪೂರ್ತಿ ಕಾಗದ ಇಲ್ಲ. ಊರಲ್ಲಿ ಇದ್ದದ್ದು ಒಂದೇ ರೇಡಿಯೋ. ಅದರ ಮುಂದೆ ಗಂಡಸರು ಕೂರೋರು. ದೊಡ್ಡಮ್ಮ ದೂರದಲ್ಲಿ ಕಾಯಿ ಸುಲಿಯೋ ನೆಪದಲ್ಲಿ ನಿಂತಿರೋರಂತೆ. ಢಾಕಾದಲ್ಲಿ 93,000 ಜನ ಶರಣಾದರು ಅಂತ ಊರಲ್ಲಿ ಪಟಾಕಿ ಹೊಡೆದರು. ದೊಡ್ಡಮ್ಮನಿಗೆ ಬೇಕಿದ್ದದ್ದು ಒಬ್ಬರ ಸುದ್ದಿ. ಜನವರಿಯಲ್ಲಿ ಇನ್‌ಲ್ಯಾಂಡ್ ಲೆಟರ್ ಬಂತು. ಅದರಲ್ಲಿ ಯುದ್ಧದ ಬಗ್ಗೆ ಒಂದಕ್ಷರ ಇರಲಿಲ್ಲ. ಸಂಕ್ರಾಂತಿಗೆ ದನಗಳಿಗೆ ಮೈ ತೊಳೆದಿರಾ, ಹೊಸ ಸಸಿಗಳಿಗೆ ನೀರು ಹಾಕ್ತಾ ಇದ್ದೀರಾ ಅಂತ ಕೇಳಿದ್ದರು.

ಯುದ್ಧದಿಂದ ಬಂದವನನ್ನು ನೆನೆಯೋದು ಅಂದರೆ ಇಂಥ ಕಾಗದವನ್ನು ಓದೋದು. ಅಲ್ಲಿ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು.

ಮೈಸೂರು ಸೀಮೆಯಿಂದ ಹೀಗೆ ದೂರ ಹೋದವರಲ್ಲಿ ದೊಡ್ಡಪ್ಪ ಮೊದಲನೆಯವರಲ್ಲ. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಅನ್ನುವ ಮಹಾರಾಜರ ಕುದುರೆ ಪಡೆ ಹಡಗು ಹತ್ತಿ ಸೂಯೆಜ್‌ಗೆ ಹೋಯಿತು. ನಾಲ್ಕು ವರ್ಷ ಮರಳುಗಾಡು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಜೋಧಪುರ ಲ್ಯಾನ್ಸರ್ಸ್ ಜೊತೆ ಸೇರಿ ಗೆದ್ದರು. ಎದುರಿಗೆ ಮೆಷಿನ್‌ಗನ್ನು, ಫಿರಂಗಿ. ಇವರ ಕೈಯಲ್ಲಿ ಈಟಿ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಸವಾರರದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಅವರ ಸ್ಮಾರಕ ಇದೆ. ನಾವು ಓಲಾದಲ್ಲಿ ಕೂತು ಫೋನ್ ನೋಡ್ತಾ ದಾಟಿ ಹೋಗುವ ಜಾಗ.

ಎರಡನೇ ಮಹಾಯುದ್ಧದಲ್ಲಿ ಮೈಸೂರಿನ ಫಸ್ಟ್ ಇನ್‌ಫೆಂಟ್ರಿ ಸಿಂಗಾಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಬ್ರಿಟಿಷರು ಜಪಾನಿಗೆ ಶರಣಾದಾಗ ಅವರೂ ಸೆರೆಯಾದರು. ಯುದ್ಧ ಮುಗಿದದ್ದು 1945ರಲ್ಲಿ. ಮೂರೂವರೆ ವರ್ಷ ಸೆರೆಯಲ್ಲಿದ್ದು ಊರಿಗೆ ಬಂದವನಿಗೆ ಯಾರು ಕತ್ತಿ ತೊಳೆದರು? ಸೋತ ಯುದ್ಧದಿಂದ ಬಂದವನಿಗೆ ವೀರಗಲ್ಲೂ ಇಲ್ಲ, ಬಾಳ್ಗಳ್ಚೂ ಇಲ್ಲ. ಮನೆಯಲ್ಲಿ ಅವನ ಹೆಂಡತಿ ಇಟ್ಟ ಮುದ್ದೆ, ಸೊಪ್ಪಿನ ಸಾರು, ಅಷ್ಟೇ ಸನ್ಮಾನ.

ಇನ್ನು ಬರಲೂ ಇಲ್ಲ, ಸತ್ತ ಅಂತ ಗಟ್ಟಿಯಾಗಿ ಹೇಳೋಕೂ ಆಗಲ್ಲ ಅನ್ನುವ ಮೂರನೇ ಒಂದು ಬಗೆ ಇದೆ. ನಾವು ಸಾಫ್ಟ್‌ವೇರ್‌ನವರು ಡೇಟಾಬೇಸಿನಲ್ಲಿ 'ನಲ್' ಅಂತ ಬಿಡ್ತೀವಲ್ಲ, ಹಾಗೆ. ಸೊನ್ನೆ ಅಲ್ಲ, ಒಂದೂ ಅಲ್ಲ, ಉತ್ತರವೇ ಇಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಮನೆಯವರು 23 ವರ್ಷ ಹೀಗೆ ಬದುಕಿದರು.

1965ರ ಸೆಪ್ಟೆಂಬರ್ 7. ಆದಂಪುರದಿಂದ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಹೆಚ್ಚುವರಿಯಾಗಿ ಇಟ್ಟಿದ್ದ ಪೈಲಟ್. ಯಾರಾದರೂ ವಾಪಸ್ಸಾದರೆ ಅವರ ಜಾಗಕ್ಕೆ ಹೋಗಬೇಕು. ಹೋದರು. ಹಿಂದಿರುಗುವಾಗ ಅವರ ಮೇಲೆ ಬಿದ್ದದ್ದು ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ ಅದು. ಮಿಸ್ಟೇರ್ ಅದರ ಮುಂದೆ ಹಳೆಯ ಎತ್ತಿನ ಗಾಡಿ. ದೇವಯ್ಯ ಮರಳಿ ಬರಲಿಲ್ಲ. ನೋಡಿದ ಸಂಗಾತಿ ಯಾರೂ ಇರಲಿಲ್ಲ. ಕಾಣೆಯಾಗಿದ್ದಾರೆ ಅಂತ ದಾಖಲೆಯಾಯಿತು. 32 ವರ್ಷ ವಯಸ್ಸು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

1979ರಲ್ಲಿ ಜಾನ್ ಫ್ರಿಕರ್ ಅನ್ನುವ ಬ್ರಿಟಿಷ್ ಲೇಖಕ ಆ ವಾಯುಯುದ್ಧದ ಬಗ್ಗೆ, ಪಾಕಿಸ್ತಾನದ ಕಡೆಯ ದಾಖಲೆಗಳನ್ನು ಇಟ್ಟುಕೊಂಡು, ಒಂದು ಪುಸ್ತಕ ಬರೆದ. ಆ ದಿನ ಒಂದು ಮಿಸ್ಟೇರ್ ಏಟು ತಿಂದ ಮೇಲೂ ತಿರುಗಿ ಬಿದ್ದು ಸ್ಟಾರ್‌ಫೈಟರನ್ನು ಹೊಡೆದುರುಳಿಸಿತ್ತು ಅನ್ನೋದು ಅಲ್ಲಿಂದ ಹೊರಬಂತು. ಆ ಸ್ಟಾರ್‌ಫೈಟರಿನ ಪೈಲಟ್ ಅಮ್ಜದ್ ಹುಸೇನ್ ಖಾನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ್ದರು. ಲೆಕ್ಕ ಹಾಕಿ ನೋಡಿದರೆ ಆ ಮಿಸ್ಟೇರ್ ದೇವಯ್ಯ ಅವರದ್ದೇ ಆಗಿರಬೇಕು. ಅವರ ಸ್ಕ್ವಾಡ್ರನ್ನಿನ ಮುಖ್ಯಸ್ಥರಾಗಿದ್ದ ಓ. ಪಿ. ತನೇಜಾ ಅವರಂಥವರು ಬೆನ್ನುಹತ್ತಿದರು. 1988ರಲ್ಲಿ ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಅದನ್ನು ಪಡೆದದ್ದು ಅವರ ಪತ್ನಿ. ಈಗ ಮಡಿಕೇರಿಯಲ್ಲಿ ದೇವಯ್ಯ ಅವರ ಪ್ರತಿಮೆ ಇದೆ.

ನಾವು ಈ ಕಥೆಯಲ್ಲಿ ಸಾಮಾನ್ಯವಾಗಿ ವಿಮಾನವನ್ನು ನೋಡ್ತೀವಿ. ನಾನು ಆ 23 ವರ್ಷಗಳನ್ನು ನೋಡ್ತಾ ಇದ್ದೇನೆ. ಅಷ್ಟು ವರ್ಷದಲ್ಲಿ ಪುಟ್ಟ ಮಕ್ಕಳು ದೊಡ್ಡವರಾಗಿರ್ತಾರೆ. ಅಪ್ಪ ಏನಾದರು ಅಂತ ಸ್ಕೂಲಲ್ಲಿ ಕೇಳಿದರೆ ಏನು ಹೇಳಬೇಕು? ಕೊನೆಗೆ ಉತ್ತರ ಬಂದದ್ದು ಶತ್ರು ದೇಶದ ದಾಖಲೆಯಿಂದ. ಅಲ್ಲಿ ಯಾರೋ ಬರೆದಿಟ್ಟಿದ್ದರು, ಅದಕ್ಕೆ ಬಂತು. ಬರೆದಿಡದೇ ಹೋಗಿದ್ದರೆ ಆ ಮನೆಯ ಪ್ರಶ್ನೆ ಇವತ್ತಿಗೂ ಪ್ರಶ್ನೆಯಾಗಿಯೇ ಇರುತ್ತಿತ್ತು.

ಅದೇ 1965ರ ಯುದ್ಧದಲ್ಲಿ, ಅದೇ ಕೊಡಗಿನಲ್ಲಿ, ಒಬ್ಬ ನಿವೃತ್ತ ಸೈನಿಕ ತಂದೆಯಾಗಿ ಕಾಯುತ್ತಾ ಕೂತಿದ್ದರು. ಜನರಲ್ ಕಾರ್ಯಪ್ಪ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರಾದವರು. ಆ ದಿನವೇ ನಮ್ಮ ಸೇನಾ ದಿನ. 1953ರಲ್ಲಿ ನಿವೃತ್ತರಾಗಿ ಮಡಿಕೇರಿಯ ರೋಶನಾರಾದಲ್ಲಿದ್ದರು. ಮಗ ನಂದಾ ಕಾರ್ಯಪ್ಪ ವಾಯುಪಡೆ ಪೈಲಟ್. ಯುದ್ಧದ ಕೊನೆಯ ದಿನಗಳಲ್ಲಿ ವಿಮಾನ ಬಿದ್ದು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮೊದಲು ಕಾರ್ಯಪ್ಪ ಅವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಟ್ಟು ಕಳಿಸ್ತೇನೆ ಅಂತ ಹೇಳಿ ಕಳಿಸಿದರು. ಅವನೊಬ್ಬನನ್ನೇ ಬೇರೆಯಾಗಿ ನೋಡುವುದು ಬೇಡ, ಅಲ್ಲಿರುವ ಸೆರೆಯಾಳುಗಳೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಅನ್ನೋದು ಕಾರ್ಯಪ್ಪ ಅವರ ಉತ್ತರ. ಮಗ ಉಳಿದವರ ಜೊತೆಗೇ ವಾಪಸ್ ಬಂದರು.

ಈ ಪ್ರಸಂಗವನ್ನು ದೇಶಭಕ್ತಿಯ ಭಾಷಣಗಳಲ್ಲಿ ಬೇಕಾದಷ್ಟು ಸಲ ಕೇಳಿದ್ದೇವೆ. ಕಡಿಮೆ ಹೇಳುವ ವಿಷಯ ಅಂದರೆ, ಆ ಮನುಷ್ಯ ನಿವೃತ್ತಿಯ ನಂತರ 40 ವರ್ಷ ಬದುಕಿದರು. 1993ರಲ್ಲಿ ತೀರಿಕೊಳ್ಳುವ ತನಕ ಅವರ ಬಹುದೊಡ್ಡ ಚಿಂತೆ ಮಾಜಿ ಸೈನಿಕರದ್ದು. 1964ರಲ್ಲಿ ಮಾಜಿ ಸೈನಿಕರ ಸಂಘಟನೆಯಾದ ಇಂಡಿಯನ್ ಎಕ್ಸ್ ಸರ್ವೀಸಸ್ ಲೀಗ್ ಶುರುವಾದದ್ದೂ ಅವರಿಂದಲೇ. ಯುದ್ಧ ಮುಗಿದ ಮೇಲೆ ಸೈನಿಕ ಏನಾಗ್ತಾನೆ ಅನ್ನೋದು ಅವರಿಗೆ ಯುದ್ಧದಷ್ಟೇ ದೊಡ್ಡ ವಿಷಯವಾಗಿತ್ತು.

ಈಗಿನ ಬಾಳ್ಗಳ್ಚು ಏನು ಅಂತ ಯಾರಾದರೂ ಕೇಳಿದರೆ: ಪಿಂಚಣಿ, ಕ್ಯಾಂಟೀನ್ ಕಾರ್ಡು, ಆಸ್ಪತ್ರೆಯ ಕಾರ್ಡು, ಸರ್ಕಾರಿ ಜಮೀನು ಮಂಜೂರಾತಿಯಲ್ಲಿ ಮಾಜಿ ಸೈನಿಕರಿಗೆ ಮೀಸಲು. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಇದನ್ನು ನಾನು ಲೇವಡಿ ಮಾಡ್ತಾ ಇಲ್ಲ. ನಮ್ಮ ಮನೆಯ ತೆಂಗಿನ ಸಸಿಗಳು ನಿಂತದ್ದು ಆ ಪಿಂಚಣಿಯ ದುಡ್ಡಿನ ಮೇಲೆ. ಉದ್ದ ತಳಿಯ ತೆಂಗು ಫಲ ಕೊಡೋಕೆ ಆರೇಳು ವರ್ಷ ಬೇಕು. ಅಲ್ಲಿಯ ತನಕ ಮನೆ ನಡೆಸೋದು ಹೇಗೆ? ತಿಂಗಳಿಗೆ ತಪ್ಪದೆ ಬರುವ ಆದಾಯ ಇದ್ದವನೇ ತೋಟ ಮಾಡೋಕೆ ಧೈರ್ಯ ಮಾಡಬಲ್ಲ. ಒಮ್ಮೆ ನಿಂತ ಮರ 60, 70 ವರ್ಷ ಕಾಯಿ ಕೊಡುತ್ತೆ. ಒಂದು ಸಣ್ಣ ಪಿಂಚಣಿ ಮೂರು ತಲೆಮಾರಿನ ಕೊಬ್ಬರಿ ಆಗುತ್ತೆ. ನನ್ನ ಇಂಜಿನಿಯರಿಂಗ್ ಫೀಸೂ ಅದರಲ್ಲೇ ಬಂತು.

ಆದರೆ ಕತ್ತಿ ತೊಳೆಯುವ ಶಾಸ್ತ್ರದ ಜಾಗದಲ್ಲಿ ಈಗ ಇರೋದು ಜೀವನ ಪ್ರಮಾಣ ಪತ್ರ. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರ ತಾನು ಬದುಕಿದ್ದೇನೆ ಅಂತ ಸಾಬೀತು ಮಾಡಬೇಕು. 2014ರಿಂದ ಇದು ಡಿಜಿಟಲ್. ಬೆರಳಚ್ಚು ಒತ್ತಿದರೆ ಸಾಕು. ಜೀವಮಾನ ಇಡೀ ಕಾಯಿ ಸುಲಿದ, ಮಟ್ಟೆ ಎಳೆದ, ಗುದ್ದಲಿ ಹಿಡಿದ ಬೆರಳುಗಳಲ್ಲಿ ಗೆರೆಗಳು ಎಲ್ಲಿ ಉಳಿದಿರ್ತವೆ? ನಮ್ಮ ಕಡೆಯ ವಯಸ್ಸಾದವರು ಹತ್ತೂ ಬೆರಳು ಒತ್ತಿ, ಒಂದೂ ಹೊಂದದೆ, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ ಮತ್ತೆ ಒತ್ತೋದನ್ನು ನೋಡಿದ್ದೇನೆ. ದೊಡ್ಡಪ್ಪನಿಗೂ ಹಾಗೇ ಆಗ್ತಿತ್ತು. 'ನೋಡಪ್ಪ, ಮಿಷಿನ್ ಪ್ರಕಾರ ನಾನು ಹೋಗ್ಬಿಟ್ಟೆ' ಅಂತ ನಗೋರು. 2021ರ ಕೊನೆಗೆ ಮುಖ ನೋಡಿ ಗುರುತಿಸುವ ವ್ಯವಸ್ಥೆ ಬಂದ ಮೇಲೆ ಮನೆಯಲ್ಲೇ, ಅಂಗಳದಲ್ಲಿ, ನನ್ನ ಫೋನಿನಲ್ಲೇ ಆಯಿತು. ಕಣ್ಣು ಮಿಟುಕಿಸಿ ಅಂತ ಫೋನ್ ಹೇಳಿತು. ಅವರು ಅಟೆನ್ಷನ್‌ನಲ್ಲಿ ನಿಂತು ಕಣ್ಣು ಮಿಟುಕಿಸಿದರು. ದೊಡ್ಡಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಹಾಸಿಗೆಯ ಮೇಲೆ, ವಯಸ್ಸಾಗಿ, ಮಕ್ಕಳು ಮೊಮ್ಮಕ್ಕಳ ಎದುರಿಗೆ. ತಾಲ್ಲೂಕಿನ ಮಾಜಿ ಸೈನಿಕರು ಕೆಲವರು ಬಂದು ತ್ರಿವರ್ಣದ ಬಟ್ಟೆ ಹೊದಿಸಿ ಸೆಲ್ಯೂಟ್ ಮಾಡಿದರು. ಪತ್ರಿಕೆಯಲ್ಲಿ ಬರುವಂಥ ಸಾವಲ್ಲ. ವೀರಗಲ್ಲಿನ ಮೂರು ಅಂತಸ್ತಿನಲ್ಲಿ ಎಲ್ಲೂ ಕೂರಿಸಲಾಗದ ಸಾವು. ತಿಥಿಯ ದಿನ ಪಂಕ್ತಿಯಲ್ಲಿ ಕೂತವರು ಅವರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಸಿಕೊಂಡೆ. ಒಬ್ಬರು, ಬ್ಯಾಂಕಿನ ಅರ್ಜಿ ತುಂಬೋಕೆ ಊರಿಗೆಲ್ಲ ಅವರೇ ದಿಕ್ಕು ಅಂದರು. ಇನ್ನೊಬ್ಬರು, ಹಳ್ಳಕ್ಕೆ ಅಡ್ಡ ಹಾಕಿದ ಕಾಲುಸಂಕ ಅವರು ನಿಂತು ಮಾಡಿಸಿದ್ದು, ಇವತ್ತಿಗೂ ಅಲುಗಾಡಿಲ್ಲ ಅಂದರು. ಮಗಳು ಹೇಳಿದ್ದು, ಅಪ್ಪ ರಜೆಗೆ ಬಂದಾಗ ತನಗೆ ಇವರು ಯಾರೋ ಅಂತ ಹೆದರಿಕೆ ಆಗ್ತಿತ್ತು, ಗುರುತು ಹತ್ತುವ ಹೊತ್ತಿಗೆ ರಜೆ ಮುಗಿದಿರ್ತಿತ್ತು, ಪೂರ್ತಿ ಮನೆಗೆ ಬಂದ ಮೇಲೆ ಅವಳ ಜಡೆ ಹೆಣೆಯೋದನ್ನು ಅವರೇ ಕಲಿತರು ಅಂತ. ದೊಡ್ಡಮ್ಮ ಮಾತ್ರ ಏನೂ ಹೇಳಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ, 'ಅಟ್ಟದ ಮೇಲಿರೋ ಕಾಯಿ ಅವರು ಏರಿಸಿದ್ದು, ಯಾರೂ ಈಗಲೇ ಇಳಿಸಬೇಡಿ' ಅಂದರು.

ನಮ್ಮ ಕಡೆ ಉಂಡೆ ಕೊಬ್ಬರಿ ಆಗೋದು ಹಾಗೇ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗೇ ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅವಸರ ಮಾಡಿ ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ದೊಡ್ಡಮ್ಮ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಹೇಳಿದ್ದರು.

ಆ ತಿಂಗಳುಗಳಲ್ಲಿ ನಾವು ಮನೆಯವರು ಒಂದು ಕೆಲಸ ಮಾಡಿದೆವು. ಟ್ರಂಕ್ ತೆಗೆದು ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟ ಸ್ಕ್ಯಾನ್ ಮಾಡಿದೆವು. ಯಾವ ವರ್ಷ ಎಲ್ಲಿದ್ದರು ಅನ್ನೋದರ ಎದುರಿಗೆ ಆ ವರ್ಷ ಮನೆಯಲ್ಲಿ ಏನಾಯ್ತು ಅಂತ ದೊಡ್ಡಮ್ಮನ ಕೈಲಿ ಹೇಳಿಸಿ ಬರೆದೆವು. ಒಂದು ಕಡೆ ಅವರ ಪೋಸ್ಟಿಂಗ್, ಇನ್ನೊಂದು ಕಡೆ ಮಗುವಿನ ನಾಮಕರಣ, ಬಾವಿ ತೋಡಿದ್ದು, ಎಮ್ಮೆ ಸತ್ತದ್ದು, ಹೊಸ ಸಸಿ ನೆಟ್ಟದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗಲೇ ಒಂದು ಜೀವನ ಅಂತ ಅನ್ನಿಸಿದ್ದು. ಬರೀ ಎಡಗಡೆಯದ್ದು ಸೇನೆಯ ದಾಖಲೆ. ಬರೀ ಬಲಗಡೆಯದ್ದು ಹಳ್ಳಿ ಮನೆಯ ಹರಟೆ.

ನಿಮ್ಮ ಮನೆಯಲ್ಲೋ, ಅಪಾರ್ಟ್‌ಮೆಂಟಿನಲ್ಲೋ, ನಿಮ್ಮ ಆಫೀಸಿನ ಗೇಟಿನಲ್ಲಿ ಸೆಕ್ಯುರಿಟಿ ಯೂನಿಫಾರ್ಮಿನಲ್ಲೋ ಇಂಥವರು ಒಬ್ಬರು ಇರ್ತಾರೆ. ಯುದ್ಧದ ಕಥೆ ಹೇಳಿ ಅಂತ ಕೇಳಬೇಡಿ, ಹೇಳಲ್ಲ. ವಾಪಸ್ ಬಂದ ಮೇಲೆ ಮೊದಲ ವರ್ಷ ಏನು ಮಾಡಿದಿರಿ ಅಂತ ಕೇಳಿ. ಅವರ ಮನೆಯವರು ಆ ಹತ್ತು ತಿಂಗಳು ಹೇಗೆ ಕಳೆಯುತ್ತಿದ್ದರು ಅಂತ ಅವರ ಮನೆಯವರನ್ನೇ ಕೇಳಿ. ಬರೆದಿಟ್ಟುಕೊಳ್ಳಿ. ಹೆಸರು, ಯಾರ ಪ್ರೀತಿಯ ಮಗ, ಯಾರ ಗಂಡ, ಯಾರ ಅಪ್ಪ, ಎಲ್ಲಿಂದ ಬಂದರು, ಬಂದು ಏನು ನೆಟ್ಟರು. ಉದ್ದ ಬೇಕಿಲ್ಲ. ವಿಜ ಅರಸನಿಗೆ 16 ಸಾಲು ಸಾಕಾಗಿತ್ತು.